ಹದಿನಾಲ್ಕು ಮೆಟ್ಟಿಲಿನ ಕಡತ

ಗಾಲಿಕುರ್ಚಿಯಲ್ಲಿ ಓಡಾಡುವ ಅವಳಿಗೆ ಸರ್ಕಾರ ಕೊನೆಗೂ ಗುಮಾಸ್ತೆಯ ಕೆಲಸ ಕೊಟ್ಟಿತು, ಅದೂ ಮನೆಯಲ್ಲೇ ಕೂತು ಮಾಡುವಂಥದ್ದು. ಎಂಥ ಕರುಣೆ! ಕಚೇರಿಯ ಹದಿನಾಲ್ಕು ಮೆಟ್ಟಿಲ ಪಕ್ಕ ಒಂದು ರ‍್ಯಾಂಪ್ ಕಟ್ಟಿಸುವುದಕ್ಕಿಂತ ಅವಳ ಅಡುಗೆಮನೆಯ ಮೇಜಿಗೆ ಒಂದು ಲ್ಯಾಪ್‌ಟಾಪ್ ಕಳಿಸುವುದು ಸುಲಭವಾಗಿತ್ತು. ಸಾರ್ವಜನಿಕರ ಹಳೆಯ ದೂರುಗಳನ್ನು ವಿಲೇವಾರಿ ಮಾಡುವುದು ಅವಳ ಕೆಲಸ.

ಮೊದಲ ದಿನ ತೆರೆದ ಮೊದಲ ಕಡತ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಆ ಮೆಟ್ಟಿಲುಗಳ ಪಕ್ಕ ರ‍್ಯಾಂಪ್ ಬೇಕೆಂದು ಆರು ವರ್ಷದ ಹಿಂದೆ ಅವಳೇ ಬರೆದ ದೂರು ಅದು. ಹನ್ನೊಂದು ಮೇಜು ಸುತ್ತಿ ಸುಸ್ತಾಗಿ, ಪಾಪ, ಅವಳ ಮನೆಗೇ ಬಂದು ಬಿದ್ದಿತ್ತು.

ಮೇಲಧಿಕಾರಿಗೆ ಫೋನ್ ಮಾಡಿದಳು.

“ಅಯ್ಯೋ, ಅದನ್ನ ಮುಗಿಸಿಬಿಡಿ ಅಮ್ಮಾ,” ಎಂದರು ಅವರು. “ದೂರು ಕೊಟ್ಟೋರಿಗೆ ಈಗ ಮನೇಲೇ ಕೆಲಸ ಸಿಕ್ಕಿದೆಯಲ್ಲ, ಇನ್ನು ರ‍್ಯಾಂಪ್ ಯಾಕೆ? ಹಾಗಂತ ಬರೆದು ಹಾಕಿ.”

“ಮುಗಿಸೋ ಮುಂಚೆ ದೂರು ಕೊಟ್ಟೋರನ್ನ ಒಂದು ಮಾತು ಕೇಳ್ಬೇಕು ಅಂತ ನಿಯಮ ಇದೆ, ಸಾರ್.”

“ಕೇಳಿ, ಕೇಳಿ. ಒಳ್ಳೆ ಮಾತಲ್ಲಿ ಒಪ್ಪಿಸಿ. ನಿಮಗೇನು, ಹತ್ತಿರದಲ್ಲೇ ಇದ್ದಾರೆ!”

ತಮ್ಮ ಹಾಸ್ಯಕ್ಕೆ ತಾವೇ ನಕ್ಕು ಅವರು ಫೋನಿಟ್ಟರು. ಅವಳು ಮೇಲಧಿಕಾರಿಯ ಮಾತು ಮೀರುವವಳಲ್ಲ. ಒಂದು ಗಂಟೆ ಬಿಟ್ಟು ಕಡತದಲ್ಲಿ ಷರಾ ಬರೆದಳು:

“ದೂರುದಾರರನ್ನು ಅವರ ಮನೆಯಲ್ಲೇ ಖುದ್ದಾಗಿ ಕಂಡು, ಒಳ್ಳೆಯ ಮಾತಿನಲ್ಲಿ ತಿಳಿಹೇಳಲಾಯಿತು. ಒಪ್ಪುತ್ತಿಲ್ಲ. ಮಹಾ ಹಟಮಾರಿ ಹೆಂಗಸು. ರ‍್ಯಾಂಪ್ ಕಟ್ಟಿಸದೆ ಬಿಡುವ ಹಾಗೆ ಕಾಣುವುದಿಲ್ಲ.”