ಎಡಕ್ಕೆ ತಿರುಗಿದ ಮೀನು

ಟೈಲ್ಸ್ ಚೂರುಗಳಲ್ಲಿ ಚಿತ್ರ ಮಾಡುವ ದೋಣಿಯವರ ಮನೆಯ ಸೊಸೆ ಕೈಯಿಟ್ಟ ಕೆಲಸ ಕೆಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಅವಳಿಗೇ ಗೊತ್ತಿತ್ತು. ಹೊಳೆದಂಡೆಯ ಗೋಡೆಗೆ ಚಿತ್ರ ಮಾಡಿಕೊಡಿ ಎಂದು ನಗರಸಭೆಯವರು ಕೇಳಿದಾಗ, ಗೋಡೆಗೆ ಬೇಡ, ನೆಲಕ್ಕೆ ಮಾಡುತ್ತೇನೆ ಎಂದು ಪಟ್ಟು ಹಿಡಿದಳು. ಕಡಿದಾದ ಮೆಟ್ಟಿಲುಗಳ ಪಕ್ಕದಲ್ಲಿ ನೀರಿನವರೆಗೆ ಇಳಿಜಾರು ದಾರಿ, ಅದರ ನಡುವೆ ಕಾಲಿಗೆ ತಾಗುವ ಉಬ್ಬು ಮೀನುಗಳ ಸಾಲು. ಕಣ್ಣು ಕಾಣದವರೂ ಅದರ ಜಾಡು ಹಿಡಿದು ನೀರು ಮುಟ್ಟಬೇಕು.

ಅವಳ ಮನಸ್ಸಿನಲ್ಲಿದ್ದವರು ಮಾವ. ನಲವತ್ತು ವರ್ಷ ದೋಣಿ ನಡೆಸಿದ ಮನುಷ್ಯ. ದೃಷ್ಟಿ ಹೋದ ಮೇಲೆ ಇನ್ನೊಬ್ಬರ ಕೈ ಹಿಡಿದು ಹೊಳೆಗೆ ಹೋಗುವುದು ಸುತರಾಂ ಇಷ್ಟವಿಲ್ಲದೆ, ಐದು ವರ್ಷದಿಂದ ಅತ್ತ ಸುಳಿದೇ ಇರಲಿಲ್ಲ.

ಈ ಕೆಲಸದ ಪದ್ಧತಿಯೇ ವಿಚಿತ್ರ. ಚೂರುಗಳನ್ನು ಮುಖ ಕೆಳಗಾಗಿ ಕಾಗದಕ್ಕೆ ಅಂಟಿಸಿ, ಮಗುಚಿ ಹಸಿ ಸಿಮೆಂಟಿನಲ್ಲಿ ಕೂರಿಸಿ, ಆಮೇಲೆ ಕಾಗದ ನೆನೆಸಿ ಸುಲಿಯಬೇಕು. ಹಾಗಾಗಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ನೇರ ಸಾಲಿನ ಮೀನುಗಳಿಗೆ ಎಡಬಲದ ಗೊಡವೆಯಿಲ್ಲ. ದಾರಿ ಬಲಕ್ಕೆ ಹೊರಳುವಲ್ಲಿ ಅತ್ತ ತಲೆಮಾಡಬೇಕಾದ ದೊಡ್ಡ ಮೀನಿಗೆ ಇದೆ. ಅದನ್ನು ಸಂಜೆಯೇ ತಿರುಗಿಸಿ ಬರೆದಿದ್ದವಳು, ಬೆಳಿಗ್ಗೆ ಮರೆತೆನೇನೋ ಎಂದುಕೊಂಡು ಇನ್ನೊಮ್ಮೆ ತಿರುಗಿಸಿಬಿಟ್ಟಳು. ಅತಿ ಜಾಣತನ ಅಂದರೆ ಇದೇ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಮಾವ ಬರಿಗಾಲಲ್ಲಿ ಇಳಿದರು. ತಿರುವಿನಲ್ಲಿ ಮೀನನ್ನು ನಂಬಿ ಎಡಕ್ಕೆ ಹೆಜ್ಜೆಯಿಟ್ಟವರು ಕಬ್ಬಿಣದ ಕಂಬಿಗೆ ಡಿಕ್ಕಿ ಹೊಡೆದರು. ಮನೆಗೆ ಹೋಗೋಣ ಎಂದಷ್ಟೇ ಹೇಳಿ ಕೈ ಚಾಚಿದರು. ಆ ಕೈ ಹಿಡಿದುಕೊಂಡವಳು ಬಗ್ಗಿ ನೋಡಿದಳು, ಮೀನಿನ ತಲೆ ಎಡಕ್ಕಿತ್ತು.

ಚಿತ್ರ ಚೆನ್ನಾಗಿಯೇ ಬಂದಿದೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಇದ್ದ ಹಾಗೇ ಇರಲಿ ಎಂದು ಅಲ್ಲಿದ್ದ ನಗರಸಭೆಯ ಇಂಜಿನಿಯರ್ ಸಮಾಧಾನ ಹೇಳಿದರು.

"ಕಣ್ಣಿದ್ದೋರಿಗೆ ದಾರಿ ಮೊದ್ಲೂ ಇತ್ತಲ್ಲ ಸಾರ್," ಎಂದವಳೇ ಉಳಿ ಸುತ್ತಿಗೆ ಹಿಡಿದು ಎಲ್ಲರೆದುರೇ ಆ ಮೀನನ್ನು ಒಡೆದು ಹಾಕಿದಳು. ಉದ್ಘಾಟನೆ ಒಂದು ವಾರ ಮುಂದಕ್ಕೆ ಹೋಯಿತು. ಕಾಗದದ ಉಸಾಬರಿಯೇ ಬೇಡವೆಂದು ಹೊಸ ಮೀನನ್ನು ನೆಲದ ಮೇಲೇ ಒಂದೊಂದು ಚೂರಾಗಿ ಜೋಡಿಸಿದಳು.

ಮಾವನನ್ನು ಮತ್ತೆ ಹೊರಡಿಸುವಷ್ಟರಲ್ಲಿ ಸಾಕುಸಾಕಾಯಿತು. ತಿರುವಿನಲ್ಲಿ ಅವಳ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡಳು. ಮಾವನ ಕಾಲಿನ ಹೆಬ್ಬೆರಳು ಮೀನನ್ನು ಬಾಲದಿಂದ ತಲೆಯವರೆಗೆ ತಡವಿತು. ಬಲಕ್ಕೆ ಹೊರಳಿದವರು ಮತ್ತೆ ನಿಲ್ಲಲೇ ಇಲ್ಲ. ಮೊಣಕಾಲುದ್ದ ನೀರಿಗಿಳಿದು, ದಡದಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತ ಸೊಸೆಯನ್ನು ಕರೆದರು.

"ನೀನೂ ಬಾರಮ್ಮ. ಇಲ್ಲಿ ಸ್ವಲ್ಪ ಸೆಳವಿದೆ, ನನ್ ಹಿಂದೇನೇ ಇರು."