ಕೌದಿಯ ಎದ್ದ ಮೂಲೆ

ಮತ್ತೆ ಎದ್ದಿತು ಮೂಲೆ, ಬಿಳಿ ದುಪ್ಪಟಿಯದು, ನದಿ ಕಡೆಯಿಂದ ಗಾಳಿ ಬಂದಾಗಲೆಲ್ಲ ಅದೊಂದೇ ಮೂಲೆ ಕ್ಲಿಪ್ಪಿನಿಂದ ಜಾರಿ ನಾಯಿಕಿವಿಯ ಹಾಗೆ ನಿಮಿರುತ್ತದೆ, ವರ್ನಾ ಎಳೆದು ತಂತಿಗೆ ಸಿಕ್ಕಿಸುತ್ತಾಳೆ, ಕೈ ಬಿಟ್ಟರೆ ಮತ್ತೆ ಅದೇ — ಬಟ್ಟೆ ಒಣಗಿಸುವ ಹೆಂಗಸು ಹೀಗೆ ಆಕಾಶ ನೋಡುತ್ತ ನಿಂತರೆ ಬೇರೆ ಊರಿನಲ್ಲಿ ಹುಚ್ಚಿ ಅಂದಾರು, ರಾಕೆಟ್ ನೆಲೆಯ ಎದುರು ದಂಡೆಯ ಈ ಟೈಟಸ್‌ವಿಲ್ಲಿನಲ್ಲಿ ಇವತ್ತು ಎಲ್ಲರೂ ಅಂಗಳದಲ್ಲೇ ಇದ್ದಾರೆ, ಮೈಯೆಲ್ಲ ಕಿವಿಯಾಗಿ, ಬಾಹ್ಯಾಕಾಶ ನೌಕೆ ಇಳಿಯುವ ಮೊದಲು ಆ ಜೋಡಿ ಸದ್ದು ಬರಬೇಕು, ಢಂ ಢಂ, ಕಿಟಕಿ ಗಾಜು ನಡುಗಬೇಕು, ಹಿಂದೆ ಒಂದು ಸಲ ಬರಲಿಲ್ಲ, ಹೀಗೇ ನಿಂತಿದ್ದರು, ಬಿಸಿಲು ಏರಿತು, ಸದ್ದೂ ಇಲ್ಲ, ನೌಕೆಯೂ ಬರಲಿಲ್ಲ — ಬೇಡ, ಅದು ಬೇಡ, ಒಲೆಯ ಮೇಲೆ ಬೀನ್ಸ್ ಬೇಯುತ್ತಿದೆ, ನೌಕೆ ಇಳಿದ ಮೇಲೆಯೇ ಮುಚ್ಚಳ ತೆಗೆಯುವುದು ಇಲ್ಲಿಯ ರೂಢಿ, ಮೂಲೆಗೆ ಇನ್ನೊಂದು ಕ್ಲಿಪ್ಪು.

ನೌಕೆ ಮೇಲೆ ಹೋಗುವ ದಿನ ಎಷ್ಟು ಚೆನ್ನಾಗಿ ಹೋಗಿತ್ತು, ನದಿದಂಡೆಯಲ್ಲಿ ಮಡಚುವ ಕುರ್ಚಿಗಳು, ಮೊದಲು ಬೆಳಕು, ಆಮೇಲೆ ನೀರಿನ ಮೇಲೆ ಓಡಿಬಂದು ಎದೆಗೇ ಗುದ್ದುವ ಸದ್ದು, ಹೋಗು ಹೋಗು ಹೋಗು ಎಂದು ಕೂಗಿ ಅವಳ ಗಂಟಲು ಕಟ್ಟಿತ್ತು, ಪಕ್ಕದಲ್ಲಿ ಗಂಡ ಕ್ಲೀಟಸ್ ಕಣ್ಣೊರೆಸಿಕೊಳ್ಳುತ್ತಿದ್ದ, ಸೊಳ್ಳೆ ಬಿತ್ತು ಕಣೇ, ಎರಡೂ ಕಣ್ಣಿಗಾ ಅಂತ ಇವಳು. ಮಾರನೆಯ ದಿನ ಟಿವಿಯಲ್ಲಿ ಆ ಚಿತ್ರ, ನೌಕೆಯ ಬಾಲದ ಪಕ್ಕ ಶಾಖ ತಡೆಯುವ ಬಿಳಿ ಹೊದಿಕೆ, ಅದರ ಒಂದು ಮೂಲೆ ಎದ್ದಿದೆ, ಇಳಿಯುವಾಗ ಬೆಂಕಿ ಅಲ್ಲಿಂದಲೇ ಒಳಗೆ ಕೈ ಹಾಕೀತು — ಗುರುತು ಹಿಡಿಯಲು ಎಷ್ಟು ಹೊತ್ತು, ಗಾಜಿನ ನೂಲಿನ ಆ ಕೌದಿ ಹೊಲಿದವಳು ಅವಳೇ, ಆ ಮೂಲೆ ತಿರುಗಿಸಿದ್ದು ಈ ಬೆರಳೇ, ಗಾಜಿನ ಎಳೆ ಚುಚ್ಚಿ ಇವತ್ತಿಗೂ ತುರಿಸುವ ಬೆರಳು, ಹೊಲಿಗೆ ವರ್ನಾಳದು, ಅಂಟು ಕ್ಲೀಟಸ್‌ನದು, ಒಂದೇ ಮನೆಯಿಂದ ಊಟದ ಡಬ್ಬಿ ಹಿಡಿದು ನೆಲೆಗೆ ಕೆಲಸಕ್ಕೆ ಹೋಗಿ ಅವಳು ಹೊಲಿದದ್ದನ್ನು ಅವನು ನೌಕೆಯ ಮೈಗೆ ಅಂಟಿಸುತ್ತಿದ್ದ, ಅಂಟಿನವರಿಗೆ ಹಿಂದೊಂದು ಚಟವಿತ್ತು, ಬೇಗ ಒಣಗಲಿ ಎಂದು ಅಂಟಿನೊಳಗೆ ಉಗುಳುವುದು, ಬೇಗ ಒಣಗುತ್ತಿತ್ತು ನಿಜ, ಹಿಡಿತ ಮಾತ್ರ ಸಾಲದು ಎಂದು ತಿಳಿದ ಮೇಲೆ ನಿಲ್ಲಿಸಿದ್ದರು, ಎಲ್ಲರೂ ನಿಲ್ಲಿಸಿದರೇ ಅನ್ನುವುದು ಯಾರಿಗೆ ಗೊತ್ತು — ನಿಜ ಹೇಳು ಕ್ಲೀಟಸ್, ಉಗುಳಿದ್ಯಾ? ಇಲ್ಲ ಮಾರಾಯ್ತಿ, ಬೈಬಲ್ ಮುಟ್ಟಿ ಹೇಳ್ತೀನಿ. ಬೈಬಲ್ ಬೇಡ, ನಿಮ್ಮಮ್ಮನ ಮೇಲೆ ಆಣೆ ಇಡು. ಅಮ್ಮನ್ನ ಯಾಕೆ ಎಳೀತೀಯ, ನಿನ್ನ ಹೊಲಿಗೇನೇ ಸಡಿಲ ಇರ್ಬೇಕು! ನನ್ನ ಹೊಲಿಗೆಯಾ! — ಹೊಲಿಗೆಯೋ ಅಂಟೋ, ನೌಕೆಯಲ್ಲಿ ಮೇಲಿರುವ ಹುಡುಗಿಗೆ ಏನು ವ್ಯತ್ಯಾಸ.

ಕೊರಿನ್, ಮೇಲೆ ಹೋದವಳು, ಹಾರುವ ಮೊದಲು ಹೊಲಿಗೆ ಕೋಣೆಗೆ ಬಂದಿದ್ದಳು, ಹಾರುವವರು ಬಂದು ಕೈಕುಲುಕಿ ಹೋಗುವುದು ವಾಡಿಕೆ, ಇವಳು ಮಾತ್ರ ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು, ನಮ್ಮಜ್ಜೀನೂ ಕೌದಿ ಹೊಲೀತಿದ್ರು ಮಿಸ್ ವರ್ನಾ, ನಾನೊಂದು ಹೊಲಿಗೆ ಹಾಕ್ಲಾ? ಬೇಡ ಕಣಮ್ಮ, ಆಮೇಲೆ ಅದನ್ನ ನಾನು ಬಿಚ್ಬೇಕಾಗುತ್ತೆ, ಅಂದಾಗ ಕೋಣೆಯೆಲ್ಲ ನಕ್ಕಿತ್ತು. ಅದೇ ಹುಡುಗಿ ಮೊನ್ನೆ ನೌಕೆಯಿಂದ ಹೊರಗೆ ಬಂದು ಕತ್ತಲಲ್ಲಿ ತೇಲುತ್ತ, ದಪ್ಪ ಕೈಗವಸಿನಲ್ಲಿ, ಔಷಧಿ ಪೆಟ್ಟಿಗೆಯಲ್ಲಿದ್ದ ಗಾಯ ಕೂಡಿಸುವ ಪಿನ್ನುಗಳಿಂದ ಆ ಮೂಲೆಯನ್ನು ಕೂರಿಸುತ್ತಿದ್ದಳು, ಬೆರಳ ತುದಿಯಿಂದಲ್ಲ ಮಗಳೇ, ಅಂಗೈಯಿಂದ ಒತ್ತು ಎಂದು ವರ್ನಾ ಟಿವಿಗೆ ಹೇಳಿದಳು, ಕೇಳಿಸಿದವಳ ಹಾಗೆ ಅವಳು ಅಂಗೈಯಿಂದಲೇ ಒತ್ತಿದಳು, ಉಬ್ಬಸದ ನಡುವೆ ರೇಡಿಯೋದಲ್ಲಿ ಊರಿಗೆಲ್ಲ ಕೇಳುವಂತೆ ನಗು, ಮಿಸ್ ವರ್ನಾ, ಈಗ ಹೇಗೆ ಬಿಚ್ತೀರಾ ನೋಡೋಣ! — ಬಿಚ್ಚುವುದಿಲ್ಲ ತಾಯಿ, ನೀನು ಬಾ, ಸೊಟ್ಟಗಿದ್ದರೂ ಇರಲಿ, ಬಾ.

ಏನಾದ್ರೂ ಕೇಳಿಸ್ತಾ, ಎಂದು ಮೆಟ್ಟಿಲ ಮೇಲಿಂದ ಕ್ಲೀಟಸ್, ಧ್ವನಿ ಒಡಕು, ಇವತ್ತು ಉಗುಳಬೇಕೆಂದರೂ ಅವನ ಬಾಯಲ್ಲಿ ಪಸೆಯಿಲ್ಲ, ಬಾಯ್ಮುಚ್ಚು ಮುದುಕ, ಈಗ ಕೊರಿನ್ ಬೆಂಕಿಯೊಳಗೆ ಇರುತ್ತಾಳೆ, ಈಗ ಆ ಮೂಲೆ ಕೆಂಪಗೆ ಕಾದಿರುತ್ತದೆ, ಗಾಳಿ ಬಂತು, ದುಪ್ಪಟಿ ಎದ್ದಿತು, ಹಾಳಾದ ಮೂಲೆ, ಹಿಡಿದು ತಂತಿಯ ಕಂಬಕ್ಕೆ ಒತ್ತಿದಳು, ಅಂಗೈಯಿಂದ, ಒತ್ತಿದಳು, ಹಕ್ಕಿಯೂ ಕೂಗುತ್ತಿಲ್ಲ, ಒತ್ತಿ — ಢಂ ಢಂ, ಗಾಜು ನಡುಗಿತು, ಒಲೆಯ ಮೇಲಿನ ಮುಚ್ಚಳವೂ, ಬೀದಿಯೆಲ್ಲ ಕೇಕೆ, ಕ್ಲೀಟಸ್ ಅಳುತ್ತ ವರ್ನಾಳ ಹೆಸರು ಕೂಗುತ್ತಿದ್ದಾನೆ, ಬಾರೇ, ಬಂದ್ಲು ಕಣೇ, ಬಂದ್ಲು, ಹೋಗಬೇಕು, ಕೈ ಮಾತ್ರ ಕಂಬ ಬಿಡುತ್ತಿಲ್ಲ, ಅಂಗೈ ಕೆಳಗೆ ಬೆಚ್ಚಗೆ ಮಲಗಿದೆ ಮೂಲೆ, ಬಿಳಿ, ಬೆಚ್ಚಗೆ, ಮೂಲೆ