ಅಂಗೈಯ ಮೇಲಿನ ಉಪ್ಪು

ಅಶ್ವಿನಿ ನೀರುಪಾಲಾದ ಸುದ್ದಿ ಅಜ್ಜಂಪುರಕ್ಕೆ ಮುಟ್ಟಿದ ದಿನ, ಸುದ್ದಿಗಿಂತ ಮೊದಲು ಮಲ್ಲಿಕಾಂಬನವರ ನಾಲಿಗೆಗೆ ಮುಟ್ಟಿದ್ದು ಉಪ್ಪು.

ಎಂದಿನಂತೆ ಅವರು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದ್ದರು. ಲಿಂಗಕ್ಕೆ ಎರೆದ ನೀರನ್ನು ಕಡೆಯಲ್ಲಿ ತೀರ್ಥವೆಂದು ಬಾಯಿಗೆ ಬಿಟ್ಟುಕೊಂಡರೆ ಅದು ಬರಿಯ ಸವಳಲ್ಲ. ಉಪ್ಪಿನಕಾಯಿ ಭರಣಿಯ ತಳದ ನೀರಿನಂಥ ಉಪ್ಪು.

"ಲೋ ರುದ್ರಮೂರ್ತಿ, ಇವತ್ತು ಯಾವ ಬೋರಿನ ನೀರು ಬಿಟ್ಟವ್ರೋ? ಬಾಯಿಗಿಡಕ್ಕಾಗಲ್ಲ" ಎಂದು ತಮ್ಮನನ್ನು ಕೂಗಿದರು.

ರುದ್ರಮೂರ್ತಿ ಅದೇ ಕೊಡದಿಂದ ಒಂದು ಲೋಟ ಮೊಗೆದು ಗಟಗಟ ಕುಡಿದ. "ಎಳನೀರಿದ್ದಂಗೈತೆ ಕಣಕ್ಕ. ನಿನ್ನ ನಾಲಿಗೆಗೆ ವಯಸ್ಸಾಯ್ತು, ನೀರಿನ ಮೇಲೆ ಯಾಕೆ ತಪ್ಪು ಹೊರಿಸ್ತೀಯ?" ಎಂದು ನಕ್ಕ.

ಆ ನಗು ಅವನ ಮುಖದ ಮೇಲಿರುವಾಗಲೇ ಫೋನು ಬಂತು. ಅದಾದ ಮೇಲೆ ಆ ಮನೆಯಲ್ಲಿ ಯಾರೂ ನಗಲಿಲ್ಲ.

ಅಶ್ವಿನಿ ರುದ್ರಮೂರ್ತಿಯ ಒಬ್ಬಳೇ ಮಗಳು. ತಾಯಿಯಿಲ್ಲದ ಕೂಸನ್ನು ಸಾಕಿದವರು ಸೋದರತ್ತೆ ಮಲ್ಲಿಕಾಂಬನವರು. ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರ ಕೆಲಸ ಮಾಡಿ ನಿವೃತ್ತರಾದವರು. ಹುಡುಗಿಯ ಕೆಲಸ ಮನೆಯಲ್ಲೇ ಕೂತು ಮಾಡುವಂಥದು. ಯಾವುದೋ ದೇಶದ ಡಾಕ್ಟರುಗಳು ರೋಗಿಗಳ ವಿಚಾರ ಹೇಳಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಬೇಕು; ಕೇಳಿದ್ದನ್ನು ಕಂಪ್ಯೂಟರಿನಲ್ಲಿ ಬರೆದು ಕಳಿಸಬೇಕು. ಆಫೀಸಿನವರು ಅವಳನ್ನು ಕಣ್ಣಿಂದ ಕಂಡವರಲ್ಲ. ಬರಹ ಹೋದರೆ ಆಯಿತು, ಅವಳು ಇದ್ದಾಳೆಂದು ಲೆಕ್ಕ.

ಕಾರಹುಣ್ಣಿಮೆ ಕಳೆದ ಮೇಲೆ ಅವಳಿಗೆ ಕಡಲ ಹುಚ್ಚು ಹಿಡಿಯಿತು. ಕರಾವಳಿಯಲ್ಲಿ ಒಂದು ಹೊಳೆ ಸಮುದ್ರ ಸೇರುವ ಕಡೆ ಒಂದು ನಡುಗಡ್ಡೆ, ಅದರ ಮೇಲೊಂದು ಸಣ್ಣ ಬಂದರು ಪೇಟೆ. ಅಲ್ಲಿ ಮಾಳಿಗೆಯ ಕೋಣೆಯೊಂದು ಬಾಡಿಗೆಗೆ ಸಿಕ್ಕಿತ್ತು.

"ಕೆಲಸ ಎಲ್ಲಿ ಕೂತ್ರೂ ಆಗುತ್ತೆ ಅತ್ತೆ. ಸ್ವಲ್ಪ ದಿನ ಸಮುದ್ರ ನೋಡ್ಕೊಂಡು ಮಾಡ್ತೀನಿ."

"ಇಲ್ಲಿ ಕೂತ್ರೆ ಆ ಡಾಕ್ಟ್ರುಗಳ ಮಾತು ಕೇಳ್ಸಲ್ವೇನೇ? ಸಮುದ್ರದಾಗೆ ಏನೈತೆ, ಬರೀ ನೀರು."

"ಇಲ್ಲೇನೈತೆ, ಬರೀ ಈರುಳ್ಳಿ ಮಂಡಿ. ಅದನ್ನ ನೋಡಿದ್ರೂ ಕಣ್ಣಾಗೆ ನೀರೇ ಬರೋದು!"

ಹೊರಟ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಎದುರುಬದುರು ಮಣೆ ಹಾಕಿಕೊಂಡು ಪೂಜೆಗೆ ಕೂತರು. ಬೀರೂರಿಗೆ ಹೋಗುವ ಆಟೋ ಬಾಗಿಲಲ್ಲಿ ಹಾರನ್ ಹೊಡೆಯುತ್ತಿತ್ತು. ಗಡಿಬಿಡಿಯಲ್ಲಿ ಎರಡು ಕರಡಿಗೆಗಳನ್ನೂ ಮುಚ್ಚಿದ್ದಾಯಿತು. ಮಲ್ಲಿಕಾಂಬನವರೇ ಒಂದನ್ನು ಹುಡುಗಿಯ ಕೊರಳಿಗೆ ಹಾಕಿ, "ಸ್ನಾನಕ್ಕೂ ತೆಗೀಬೇಡ ಕಣೇ ಪುಟ್ಟಿ, ಮೈಮೇಲಿರ್ಲಿ" ಎಂದು ನೆತ್ತಿ ಸವರಿ ಕಳಿಸಿದ್ದರು.

ಈಗ ಫೋನಿನಲ್ಲಿ ಬಂದ ಸುದ್ದಿ ಇಷ್ಟು. ಹಿಂದಿನ ಸಂಜೆ ಹುಡುಗಿ ಯಾಕೋ ಅವಸರ ಮಾಡಿ ಸಣ್ಣ ದೋಣಿಯೊಂದರಲ್ಲಿ ಆಚೆ ದಡಕ್ಕೆ ಹೊರಟಳು. ಹೊಳೆ ಕಡಲು ಕೂಡುವ ಅಳಿವೆಯಲ್ಲಿ ದೋಣಿ ಮಗುಚಿತು. ದೋಣಿಯವನು ಈಜಿ ದಡ ಸೇರಿದ. ಹುಡುಗಿಯೂ ಸಿಗಲಿಲ್ಲ, ಕಂಪ್ಯೂಟರಿದ್ದ ಅವಳ ಹೆಗಲ ಚೀಲವೂ ಸಿಗಲಿಲ್ಲ.

ರುದ್ರಮೂರ್ತಿ ಅಂದೇ ಹೊರಟು ಹೋಗಿ, ಮೀನುಗಾರರ ಜೊತೆ ನೀರೆಲ್ಲ ಜಾಲಾಡಿಸಿ, ಬರಿಗೈಯಲ್ಲಿ ವಾಪಸು ಬಂದ. ಮಠದಿಂದ ಅಯ್ಯನವರು ಬಂದು ಜಗಲಿಯ ಮೇಲೆ ಕೂತರು. ಅವರ ಜನದಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಅವರವರ ಲಿಂಗವನ್ನಿಟ್ಟು, ಕೂತ ಭಂಗಿಯಲ್ಲೇ ಮಣ್ಣಿಗೆ ಒಪ್ಪಿಸುತ್ತಾರೆ. ಇಲ್ಲಿ ಒಪ್ಪಿಸಲು ದೇಹವೇ ಇಲ್ಲ.

ಅಯ್ಯನವರು ಕೇಳಿದರು: "ಲಿಂಗ ಮೈಮೇಲಿತ್ತೇನಮ್ಮಾ? ಇದ್ರೆ ಮಗಳು ಲಿಂಗದಾಗೆ ಸೇರ್ಕೊಂಡ್ಲು. ಅದಕ್ಕೆ ಮಣ್ಣಾದ್ರೇನು, ನೀರಾದ್ರೇನು. ಇಲ್ದೆ ಹೋಗಿದ್ರೆ…"

ಮುಂದಿನ ಮಾತನ್ನು ಅವರು ನುಂಗಿಕೊಂಡರು. ನುಂಗಿದ ಮಾತು ಮಲ್ಲಿಕಾಂಬನವರ ಎದೆಗೆ ಬಂದು ಕೂತಿತು. ಮಗು ಹೋಗಿದ್ದು ಹೋಯಿತು. ಹೋದಾಗ ಕೊರಳಲ್ಲಿ ಲಿಂಗವಿತ್ತೋ ಇಲ್ಲವೋ? ಇದೊಂದು ತಿಳಿಯದೆ ಅವರಿಗೆ ಅನ್ನ ಇಳಿಯದಾಯಿತು.

ಅದೇ ವಾರ ಆಫೀಸಿನಿಂದ ಫೋನು. ಮಾತಾಡಿದವನಿಗೆ ಸಾವಿನ ಸುದ್ದಿಯೇ ಗೊತ್ತಿರಲಿಲ್ಲ. "ಅಶ್ವಿನಿ ಮೇಡಂ ಫೋನ್ ಮೀಟಿಂಗಿಗೆ ಬರ್ತಿಲ್ಲ ಸರ್. ಫೈಲು ಮಾತ್ರ ದಿನಾ ಸಂಜೆ ಬರ್ತಿದೆ. ಆದರೆ ತೆರೆದು ನೋಡಿದ್ರೆ ಎಲ್ಲಾ ಖಾಲಿ, ಒಂದಕ್ಷರ ಇಲ್ಲ."

ರುದ್ರಮೂರ್ತಿ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದನ್ನು ಅಕ್ಕನಿಗೆ ಹೇಳಿದ. ಮಲ್ಲಿಕಾಂಬನವರು ಎದ್ದು ಸೀರೆಯ ಸೆರಗು ಬಿಗಿದುಕೊಂಡರು. "ಕಾರು ಹೇಳೋ. ನಾನು ಹೋಗಿ ನೋಡ್ಬೇಕು."

ಕಡೂರಿನ ಮೇಲೆ ಹೋಗಿ, ಚಾರ್ಮಾಡಿ ಘಾಟಿ ಇಳಿದು, ಅವರು ಹೊಳೆಯ ದಡ ಸೇರಿದಾಗ ಮಧ್ಯಾಹ್ನ ಇಳಿದಿತ್ತು. ರುದ್ರಮೂರ್ತಿಗೆ ಈಚೆ ದಡದಲ್ಲಿ ಪೊಲೀಸ್ ಠಾಣೆಯ ಕೆಲಸವಿತ್ತು. ಅಕ್ಕನನ್ನು ಹೊಳೆ ದಾಟಿಸುವ ಬಾರ್ಜು ಹತ್ತಿಸಿ, ಬೆಳಿಗ್ಗೆ ಬರುವೆನೆಂದು ನಿಂತ.

ನಡುಗಡ್ಡೆಯ ಬಂದರು ಮಂಕಾಗಿತ್ತು. ಮಳೆಗಾಲವೆಂದು ಕಡಲಿಗಿಳಿಯದ ದೊಡ್ಡ ದೋಣಿಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿದ್ದವು. ಮಂಜುಗಡ್ಡೆಯ ಕಾರ್ಖಾನೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮನೆಯೊಡತಿ ಗುಲಾಬಿ ಮೀನು ಮಾರುವ ಹೆಂಗಸು. ಮುದುಕಿಯನ್ನು ಕಂಡೊಡನೆ ಅಳುತ್ತ ಕೈ ಹಿಡಿದು, ಹುಡುಗಿಯಿದ್ದ ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋದಳು.

"ಬನ್ನಿ ಅಮ್ಮ. ನಾನು ಎಂತ ಹೇಳುದು ನಿಮ್ಮತ್ರ? ಭಾರಿ ಒಳ್ಳೆ ಮಗು ಮಾರಾಯ್ರೆ. ನಾನು ಮೀನು ತೊಳೆಯುವಾಗ ಮೂಗು ಮುಚ್ಚಿಕೊಂಡು, 'ಗುಲಾಬಕ್ಕ, ಬದನೆಕಾಯಿ ಮಾರು' ಅಂತ ತಮಾಷೆ ಮಾಡ್ತಿತ್ತು."

ಮಲ್ಲಿಕಾಂಬನವರು ನೀರನ್ನೂ ಕೇಳದೆ ಕೇಳಿದ್ದು ಒಂದೇ. "ಹೋಗೋವಾಗ ಅವಳ ಕೊರಳಾಗೆ ಬೆಳ್ಳಿ ಕರಡಿಗೆ ಇತ್ತೇನಮ್ಮಾ?"

"ಇತ್ತು. ಅದರ ದೆಸೆಯಿಂದಲೇ ಅಲ್ವಾ ಇಷ್ಟೆಲ್ಲ ಆದದ್ದು" ಎಂದಳು ಗುಲಾಬಿ.

ಮುದುಕಿಗೆ ಅರ್ಥವಾಗಲಿಲ್ಲ. ಗುಲಾಬಿ ಕಣ್ಣೊರೆಸಿಕೊಂಡು ಹೇಳಿದಳು. ಇಲ್ಲಿಗೆ ಬಂದಾಗಿನಿಂದ ಹುಡುಗಿ ಕೆಲಸ, ಕಡಲು ಎಂದು ಇದ್ದುಬಿಟ್ಟಿದ್ದಳು; ಕರಡಿಗೆ ತೆರೆದಿರಲಿಲ್ಲ. ಶ್ರಾವಣದ ಮೊದಲ ಸೋಮವಾರ ಸಂಜೆ, ಅತ್ತೆಯ ನೆನಪಾಗಿ, ಸ್ನಾನ ಮಾಡಿ ಪೂಜೆಗೆ ಕೂತಳು. ಕೂತವಳು ಕಿರುಚಿಕೊಂಡು ಎದ್ದು ಬಂದಳು.

"'ಇದು ನನ್ನದಲ್ಲ ಗುಲಾಬಕ್ಕ, ನಮ್ಮತ್ತೆಯದು' ಅಂತ. ಅವಳ ಲಿಂಗದ ಅಡಿಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಉಂಟಂತೆ, ಇದರಲ್ಲಿ ಇಲ್ಲ. ಫೋನ್ ಮಾಡು ಮಾರಾಯ್ತಿ ಅಂದೆ. 'ಅಯ್ಯೋ ಬೇಡ, ಗೊತ್ತಾದ್ರೆ ಅತ್ತೆ ನೀರೂ ಮುಟ್ಟೋದಿಲ್ಲ. ನಾಳೆ ಅವರು ಪೂಜೆಗೆ ಕೂರುವ ಮೊದಲು ಹೋಗಿ, ತಿಳಿಯದ ಹಾಗೆ ಬದಲಾಯಿಸ್ತೇನೆ' ಅಂತ. ಗಾಳಿ ಉಂಟು, ಬಾರ್ಜು ಬಂದ್ ಉಂಟು, ನಾಳೆ ಹೋಗು ಅಂತ ಕಾಲು ಹಿಡಿದೆ ಅಮ್ಮ. ನನ್ನ ತಮ್ಮನಿಗೆ ಗೋಗರೆದು ದೋಣಿ ಹತ್ತಿತು."

"ಆಮೇಲೆ?"

"ದೋಣಿ ಮಗುಚಿದಾಗ ಅವನು ಹಗ್ಗ ಎಸೆದನಂತೆ. 'ಹಿಡಿ, ಹಿಡಿ' ಅಂತ ಬೊಬ್ಬೆ ಹೊಡೆದನಂತೆ. ಅದು ಎರಡೂ ಕೈಯಲ್ಲಿ ಎದೆ ಮೇಲಿನ ಕರಡಿಗೆ ಹಿಡಿದುಕೊಂಡಿತ್ತು. ಹಗ್ಗ ಹಿಡಿಯಲಿಕ್ಕೆ ಅದನ್ನು ಬಿಡಲೇ ಇಲ್ಲ."

ಮಲ್ಲಿಕಾಂಬನವರ ಕೈ ಕೊರಳಿನ ಕರಡಿಗೆಗೆ ಹೋಯಿತು. ತರೀಕೆರೆಯ ಅಕ್ಕಸಾಲಿಗ ಒಂದೇ ಬೆಳ್ಳಿ ತಟ್ಟೆಯನ್ನು ಕರಗಿಸಿ ಮಾಡಿಕೊಟ್ಟ ಜೋಡಿ ಕರಡಿಗೆಗಳು ಅವು. ಹುಡುಗಿ ಇನ್ನೂ ತೊದಲು ನುಡಿಯುವಾಗ, ಅಯ್ಯನವರು ಅವಳ ಲಿಂಗಕ್ಕೆ ಹೊಸದಾಗಿ ಕಂತಿ ಕಟ್ಟಿದ್ದರು. ಆ ಕಪ್ಪು ಲೇಪ ಆರುವ ಮೊದಲೇ ಅವಳು ಹೆಬ್ಬೆಟ್ಟು ಒತ್ತಿಬಿಟ್ಟಳು. "ಇರಲಿ ಬಿಡಮ್ಮ, ಶಿವನಿಗೆ ಮಗೂನೇ ರುಜು ಹಾಕೈತೆ" ಎಂದು ಅಯ್ಯನವರು ನಕ್ಕು ಹಾಗೇ ಬಿಟ್ಟಿದ್ದರು.

ಅವರು ತಮ್ಮ ಕರಡಿಗೆ ತೆರೆದರು. ಕಣ್ಣಿಗೆ ಪೊರೆ, ಸಕ್ಕರೆ ಕಾಯಿಲೆಯಿಂದ ಅಂಗೈ ಜೋಮು ಹಿಡಿದು ವರ್ಷಗಳಾಗಿದ್ದವು. ಅದಕ್ಕೇ ಗೊತ್ತಾಗಿರಲಿಲ್ಲ. ಲಿಂಗದ ಅಡಿಯನ್ನು ತುಟಿಗೆ ಒತ್ತಿಕೊಂಡು ನೋಡಿದರು. ಅಲ್ಲಿತ್ತು, ಮಗುವಿನ ಪುಟ್ಟ ಹೆಬ್ಬೆಟ್ಟಿನ ತಗ್ಗು.

ಅವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಎಂಥ ಉತ್ತರ! ಕೊರಳಲ್ಲಿ ಲಿಂಗವಿತ್ತು, ಅದು ಅವಳದಲ್ಲ. ಗುರು ಕೊಟ್ಟ ಲಿಂಗ ಒಬ್ಬರದು ಇನ್ನೊಬ್ಬರಿಗೆ ಸಲ್ಲುವುದಿಲ್ಲ. ತನ್ನದನ್ನು ಬಿಟ್ಟು ಹೋದ ಮಗು ಯಾವುದರಲ್ಲಿ ಸೇರೀತು?

ದೀಪ ಹಚ್ಚುವ ಹೊತ್ತಾಯಿತು. ಗುಲಾಬಿ ದೀಪ ತಂದವಳು ಬಾಗಿಲಲ್ಲೇ ನಿಂತು, ಪಿಸುಗುಟ್ಟಿದಳು. "ಈಗ ಕೇಳ್ತದೆ ಅಮ್ಮ. ದಿನಾ ಈ ಹೊತ್ತಿಗೆ. ಹೆದರಬೇಡಿ."

ಕಿಟಕಿಯ ಬಳಿ ಹುಡುಗಿಯ ಮೇಜಿತ್ತು. ಅದರ ಮೇಲೆ ಏನೂ ಇರಲಿಲ್ಲ. ಆ ಬರಿಯ ಹಲಗೆಯ ಮೇಲಿಂದ ಟಕ ಟಕ ಸದ್ದು ಎದ್ದಿತು. ಅವಳ ಬೆರಳಿನದೇ ಓಟ: ಬಿರುಸಾಗಿ ಓಡಿ, ತಡೆದು, ಕೇಳಿಸಿಕೊಂಡು, ಮತ್ತೆ ಓಡುವುದು. ಅಜ್ಜಂಪುರದಲ್ಲಿ ಈ ಸದ್ದು ಕೇಳುತ್ತಲೇ ಮಲ್ಲಿಕಾಂಬನವರು ಅದೆಷ್ಟೋ ಸಂಜೆ ಸೊಪ್ಪು ಬಿಡಿಸಿದ್ದರು. ಈಗ ಭಯವಾಗಲಿಲ್ಲ. ಕೆಲಸ ಮುಗಿಸಿ ಏಳಲಾರದೆ ಕೂತಿದೆ ಮಗು. ಯಾರೋ ಬರಲೆಂದು ಕೂತಿದೆ.

"ನೀನು ಆಚೆ ಇರಮ್ಮ" ಎಂದು ಗುಲಾಬಿಗೆ ಹೇಳಿ ಅವರು ಮಣೆ ಹಾಕಿ ಕೂತರು. ಎಡಗೈ ಚಾಚಿ, ಹುಡುಗಿಯ ಲಿಂಗವನ್ನು ಅದರ ಮೇಲಿಟ್ಟರು.

"ಬಾರೇ ಪುಟ್ಟಿ. ನಿನ್ನದು ತಂದಿದೀನಿ. ಕೊರಳಿಗೆ ಹಾಕಿದವಳು ನಾನೇ, ತಪ್ಪು ನನ್ನದು. ಬೈಯಲ್ಲ, ಬಾ."

ಕಣ್ಣು ಮುಚ್ಚಿ ಪಂಚಾಕ್ಷರಿ ಹಿಡಿದರು. ಟಕ ಟಕ ನಿಂತಿತು. ಮೆಟ್ಟಿಲ ಮೇಲೆ ಒದ್ದೆ ಕಾಲಿನ ಸದ್ದು ಬಂತು. ನೀರು ಹಿಂಡದ ಬಟ್ಟೆಯಿಂದ ಸೋರುವ ಹನಿಗಳು ನೆಲದ ಹಲಗೆಯ ಮೇಲೆ ಬೀಳುತ್ತ, ಬೀಳುತ್ತ, ಮಣೆಯ ಮುಂದೆ ಬಂದು ನಿಂತವು. ಪಾಚಿಯ ವಾಸನೆ. ಅದರೊಳಗೆ ಎಲ್ಲೋ ಅವಳು ತಲೆಗೆ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆಯ ವಾಸನೆ. ಪೂಜೆಯ ನಡುವೆ ಕಣ್ಣು ತೆರೆಯಬಾರದೆಂದು ಹುಡುಗಿಗೆ ಕಲಿಸಿದವರು ಅವರೇ. ತೆರೆಯಲಿಲ್ಲ.

ಜೋಮು ಹಿಡಿದ ಅಂಗೈಗೆ ತಣ್ಣಗೆ ತಾಗಿತು. ವರ್ಷಗಳಿಂದ ಬಿಸಿ ಬೂದಿಯನ್ನೂ ಅರಿಯದ ಕೈ ಆ ಬೆರಳುಗಳನ್ನು ಅರಿಯಿತು: ನೀರಲ್ಲಿ ನೆನೆದು ಸುಕ್ಕಾದ ಬೆರಳು. ಲಿಂಗ ಕೈಯಿಂದ ಎದ್ದಿತು. ಒಂದು ಉಸಿರಿನಷ್ಟು ಹೊತ್ತು ಅಂಗೈ ಬರಿದಾಗಿತ್ತು. ಆಮೇಲೆ ಮತ್ತೆ ಭಾರ ಕೂತಿತು. ಚಿಕ್ಕಂದಿನಲ್ಲಿ ಬಳಪ ಕದ್ದು ಸಿಕ್ಕಿಬಿದ್ದಾಗ ಅದನ್ನು ಅತ್ತೆಯ ಮಡಿಲಲ್ಲಿ ಇಟ್ಟು ಓಡುತ್ತಿದ್ದಳಲ್ಲ, ಅಷ್ಟು ಮೆಲ್ಲಗೆ.

ಗುಲಾಬಿ ಒಳಗೆ ಬಂದು ದೀಪ ಎತ್ತಿ ಹಿಡಿದಾಗ ಬಾಗಿಲಿಂದ ಮಣೆಯ ತನಕ ಒದ್ದೆ ಹೆಜ್ಜೆಗಳಿದ್ದವು. ಬಂದ ಹೆಜ್ಜೆಗಳು ಮಾತ್ರ. ಹೋದ ಹೆಜ್ಜೆ ಒಂದೂ ಇರಲಿಲ್ಲ.

ಮಲ್ಲಿಕಾಂಬನವರು ಲಿಂಗದ ಅಡಿಯನ್ನು ತುಟಿಗೆ ಒತ್ತಿದರು. ತಗ್ಗಿರಲಿಲ್ಲ. ನುಣ್ಣಗಿತ್ತು. ಮರಳಿನ ಒಂದು ಕಣ ತುಟಿಗೆ ಅಂಟಿತು. ನೀರೆರೆದು, ತೀರ್ಥವನ್ನು ಬಾಯಿಗೆ ಬಿಟ್ಟುಕೊಂಡರು. ಉಪ್ಪು. ಈ ಸಲ ಒಂದು ಹನಿಯನ್ನೂ ಚೆಲ್ಲದೆ ಕುಡಿದರು.

ಬೆಳಿಗ್ಗೆ ಮೊದಲ ಬಾರ್ಜಿನಲ್ಲಿ ರುದ್ರಮೂರ್ತಿ ಬಂದ. ಅಕ್ಕ ದೋಣಿ ಕಟ್ಟುವ ದಕ್ಕೆಯ ಅಂಚಿನಲ್ಲಿ ಕಡಲಿಗೆ ಮುಖ ಮಾಡಿ ಕೂತಿದ್ದರು.

"ಆಫೀಸಿನೋರು ಫೋನ್ ಮಾಡಿದ್ರಕ್ಕ. ನಿನ್ನೆ ಸಂಜೆ ಏನೂ ಬರ್ಲಿಲ್ವಂತೆ." ಅವನು ಪಕ್ಕದಲ್ಲಿ ಕುಕ್ಕರಿಸಿದ. "ಅಯ್ಯನೋರು ಕೇಳಿದ್ರಲ್ಲ… ಇತ್ತಂತಾ ಮೈಮೇಲೆ?"

"ಐತೆ ಕಣಪ್ಪ" ಎಂದರು ಮಲ್ಲಿಕಾಂಬನವರು. "ಅವಳದೇ ಐತೆ."

ಅವನು ಮುಖ ಮುಚ್ಚಿಕೊಂಡು ಅತ್ತ. ಅವರು ಒಂದು ಕೈಯನ್ನು ತಮ್ಮನ ಬೆನ್ನ ಮೇಲಿಟ್ಟು, ಇನ್ನೊಂದರಲ್ಲಿ ವಿಭೂತಿಯ ಗಟ್ಟಿಯನ್ನು ಪುಡಿ ಮಾಡಿ ಅಲೆಯ ಮೇಲೆ ತೂರಿದರು.

ಶಿವನೇ, ಇವಳು ನಿನ್ನ ಕೂಸು. ನಮಗೆ ಸಾಕಲು ಕೊಟ್ಟಿದ್ದೆ, ತೆಗೆದುಕೊಂಡೆ. ಅವಳ ಹೆಬ್ಬೆಟ್ಟು ನಿನ್ನ ಮೈಮೇಲಿದೆ, ಗುರುತು ಹಿಡಿ. ನೀರಿನ ತಣುಪು ಅವಳಿಗೆ ತಾಗದಿರಲಿ. ಕೆಲಸ ಮುಗಿಯಿತೆಂದು ಹೇಳಿ ಅವಳನ್ನು ಮಲಗಿಸು. ನಮ್ಮ ಪುಟ್ಟಿಗೆ ಶಾಂತಿ ಕೊಡು, ತಂದೆ.